ಅಡಿಕೆ ಸಿಪ್ಪೆಯಲ್ಲೂ ಒಂದು ಡಾಕ್ಟರೇಟ್

ಅಡಿಕೆ ಸುಲಿದ ಮೇಲೆ ಸಿಪ್ಪೆ ನಮ್ಮ ಮನೆಗಳಲ್ಲಿ ಬಚ್ಚಲೊಲೆಗೋ ಮರದ ಬುಡಕ್ಕೋ ಹೋಗುವುದು ವಾಡಿಕೆ. ರಸಾಯನಶಾಸ್ತ್ರಜ್ಞರ ಕಣ್ಣಿಗೆ ಅದು ಕಚ್ಚಾವಸ್ತು. ಅಮೆರಿಕದ ಕ್ವೇಕರ್ ಓಟ್ಸ್ ಕಂಪೆನಿಯವರು 1922ರಲ್ಲೇ, ರಾಶಿಬಿದ್ದ ಓಟ್ಸ್ ಹೊಟ್ಟನ್ನು ಗಂಧಕಾಮ್ಲದೊಡನೆ ಬೇಯಿಸಿ ಫರ್ಫ್ಯೂರಾಲ್ ಎಂಬ ದ್ರವವನ್ನು ತೆಗೆದು ಮಾರತೊಡಗಿದ್ದರು. ಎರಕದ ಅಚ್ಚಿನ ಮರಳನ್ನು ಹಿಡಿದಿಡುವ ರಾಳಕ್ಕೆ ಅದು ಇಂದಿಗೂ ಬೇಕು.

ಹೊಟ್ಟು, ಸಿಪ್ಪೆಗಳ ನಾರಿನೊಳಗೆ ಕ್ಸೈಲೋಸ್ ಎಂಬ ಸಕ್ಕರೆ ಅಡಗಿದೆ. ಅದರ ಒಂದು ಅಣುವಿನಿಂದ ನೀರಿನ ಮೂರು ಅಣುಗಳು ಬಿಟ್ಟುಹೋದರೆ ಉಳಿಯುವುದೇ ಫರ್ಫ್ಯೂರಾಲ್. ಆಮ್ಲ ಇಲ್ಲಿ ವೇಗವರ್ಧಕ. ಕೆಲಸ ಮಾಡಿಸುತ್ತದೆ, ತಾನು ವ್ಯಯವಾಗದು. ಆದರೆ ಅದು ಪಾತ್ರೆಯನ್ನು ತಿನ್ನುತ್ತದೆ, ಮತ್ತೆ ಬೇರ್ಪಡಿಸುವುದೂ ಕಷ್ಟ. ಹುಟ್ಟಿದ ಫರ್ಫ್ಯೂರಾಲ್ ಕೂಡ ಬಿಸಿಯಲ್ಲಿ ಕಪ್ಪು ಅಂಟಾಗಿ ಹಾಳಾಗುತ್ತದೆ. ಸೋಸಿ ತೆಗೆದು ಪುನಃ ಬಳಸಬಲ್ಲ ಘನ ವೇಗವರ್ಧಕವನ್ನು ಹುಡುಕುವುದೇ ಇಂದಿನ ಸಂಶೋಧಕರ ಕೆಲಸ. ಒಬ್ಬ ವಿದ್ಯಾರ್ಥಿಯ ನಾಲ್ಕೈದು ವರ್ಷಗಳಿಗೆ ಧಾರಾಳ ಸಾಕು.

ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಂತಹ ಕಡೆ ಇದಕ್ಕೆ ಅವಕಾಶವಿದೆ. ದಾರಿ, ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಪರೀಕ್ಷೆ. ಎಂ.ಎಸ್ಸಿ. ಕೊನೆಯ ವರ್ಷದಲ್ಲಿರುವವರೂ ಬರೆಯಬಹುದು. 2023ರ ಜನವರಿಯಿಂದ ಜೂನಿಯರ್ ಫೆಲೋಗಳಿಗೆ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಓದಿಗೆ ಮನೆಯಿಂದ ಹಣ ಹೊಂದಿಸಬೇಕೆಂಬ ಚಿಂತೆ ಇಲ್ಲಿ ಬೇಡ.

ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಇದೆಲ್ಲ ಎಟುಕದೆಂದು ನಮ್ಮ ಹಿರಿಯರೇ ಹೇಳುವುದುಂಟು. ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಅಲ್ಲಿ ಮಲಯಾಳವೂ ಇಲ್ಲ, ಕನ್ನಡವೂ ಇಲ್ಲ. ಈ ಒಂದು ಸಾಲಿನಲ್ಲಾದರೂ ನಾವು ನೆರೆಯವರಿಗೆ ಸರಿಸಮ. ವರ್ಷಕ್ಕೆ ಎರಡು ಬಾರಿ ನಡೆಯುವ ಪರೀಕ್ಷೆ. ಮನೆಯಲ್ಲಿ ಎಂ.ಎಸ್ಸಿ. ಓದುವ ಮಗಳೋ ಮಗನೋ ಇದ್ದರೆ ಮುಂದಿನ ಪ್ರಕಟಣೆಯ ಮೇಲೆ ಕಣ್ಣಿಡಲಿ.