ಮೊದಲು ಫೂಟೇಜ್ ನೋಡಿ, ಆಮೇಲೆ ಪಾರ್ಕ್‌ಲೇನ್‌ಗೆ ಹೋಗಿ

ಬೆಂಗಳೂರಿಗೆ ಎಸ್.ಪಿ. ರೋಡ್ ಹೇಗೋ, ಹೈದರಾಬಾದ್‌ಗೆ ಸಿಕಂದರಾಬಾದ್‌ನ ಪಾರ್ಕ್‌ಲೇನ್ ಹಾಗೆ. ಅಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್ ಎಲ್ಲರ ಬಾಯಲ್ಲಿ ಬರೀ ‘ಸಿಟಿಸಿ’. ಮೌಸ್‌ನಿಂದ ಹಿಡಿದು ಲಕ್ಷ ರೂಪಾಯಿ ದಾಟುವ ಗ್ರಾಫಿಕ್ಸ್ ಕಾರ್ಡ್‌ವರೆಗೆ ಎಲ್ಲವೂ ಒಂದೇ ಕಡೆ ಸಿಗುತ್ತದೆ. ವಿಡಿಯೊ ಎಡಿಟಿಂಗ್ ಮಾಡುವ ನಮ್ಮ ಕಡೆಯ ಹುಡುಗರು ಇಲ್ಲಿ ಕಾಲಿಟ್ಟರೆಂದರೆ ಅವರ ಜೇಬಿನಲ್ಲಿ ಎರಡು ವರ್ಷದ ಉಳಿತಾಯವೋ ಸಾಲದ ದುಡ್ಡೋ ಇರುತ್ತದೆ ಎಂದೇ ಅರ್ಥ.

ಕನ್ನಡದ ಎಡಿಟರ್‌ಗಳಿಗೂ ಈ ಊರಿಗೂ ಹಳೆಯ ನಂಟು. 2000ದಲ್ಲಿ ಶುರುವಾದ ಈಟಿವಿ ಕನ್ನಡ ವಾಹಿನಿಯ ಕೆಲಸ ನಡೆದದ್ದು ರಾಮೋಜಿ ಫಿಲ್ಮ್ ಸಿಟಿಯಿಂದ. ಎಷ್ಟೋ ಕನ್ನಡಿಗರು ಎಡಿಟಿಂಗ್ ಕಲಿತದ್ದೇ ಅಲ್ಲಿ. ಕಲಬುರಗಿಯ ಉಜ್ವಲ್ ಕುಲಕರ್ಣಿ ‘ಕೆಜಿಎಫ್ ಚಾಪ್ಟರ್ 2’ (2022) ಮತ್ತು ‘ಸಲಾರ್’ (2023) ಚಿತ್ರಗಳ ಸಂಕಲನ ಮಾಡಿದ ಮೇಲಂತೂ ಕಲ್ಯಾಣ ಕರ್ನಾಟಕದ ಹುಡುಗರ ಉಮೇದು ಇನ್ನೂ ಹೆಚ್ಚಾಗಿದೆ. ಕೃಷ್ಣಾನಗರ, ಯೂಸುಫ್‌ಗುಡದ ಒಂದು ಕೋಣೆಯ ಮನೆಗಳಲ್ಲಿ ಕೂತು ಊರಿನ ಮದುವೆ, ಇಲ್ಲಿನ ಜಾಹೀರಾತು, ಯೂಟ್ಯೂಬ್ ವಿಡಿಯೊಗಳನ್ನು ಕತ್ತರಿಸುವವರು ಬಹಳ ಮಂದಿ.

ಇದೇ ಕಸುಬಿನವನಾದ ನನಗೆ ತಿಂಗಳಿಗೆ ಒಂದೆರಡಾದರೂ ಕರೆ ಬರುತ್ತವೆ. ಕಳೆದ ಮದುವೆ ಸೀಸನ್‌ಗೆ ಮುಂಚೆ ಸಿಂಧನೂರಿನ ಹುಡುಗನೊಬ್ಬ ಕೇಳಿದ: ‘ಅಣ್ಣಾ, ಫೋರ್‌ಕೆ ವಿಡಿಯೊ ಟೈಮ್‌ಲೈನ್‌ನ್ಯಾಗ ಓಡೂದೇ ಇಲ್ರಿ. ಅವ್ವನ ಬಂಗಾರ ಒತ್ತಿ ಇಡಾಕ ಒಪ್ಯಾಳ. ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಿ?’

ಅವನು ಕಳಿಸಿದ ಕೊಟೇಶನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ದುಡ್ಡು ಹಳೆಯ ಸರಣಿಯ ದೊಡ್ಡದೊಂದು ಗ್ರಾಫಿಕ್ಸ್ ಕಾರ್ಡ್‌ಗೇ ಹೋಗಿತ್ತು. ಉಳಿದದ್ದು 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್. ಗೇಮ್ ಆಡುವವರಿಗೆ ತಕ್ಕಮಟ್ಟಿಗೆ ಸರಿ. ಅವನ ಕೆಲಸಕ್ಕೆ ಮಾತ್ರ ಅಲ್ಲ. ಯಾಕೆ ಎಂಬುದಕ್ಕೆ ಉತ್ತರ ಇರುವುದು ಅಂಗಡಿಯಲ್ಲಲ್ಲ, ಅವನ ಕ್ಯಾಮೆರಾದ ಮೆಮೊರಿ ಕಾರ್ಡ್‌ನಲ್ಲಿ.

ಗಂಟು ಎಲ್ಲಿದೆ?

ಈಗಿನ ಮದುವೆ ಕ್ಯಾಮೆರಾಗಳು ಹೆಚ್ಚಾಗಿ ಎಚ್.264 ಅಥವಾ ಎಚ್.265 ರೂಪದಲ್ಲಿ ರೆಕಾರ್ಡ್ ಮಾಡುತ್ತವೆ. ಇದರಲ್ಲಿ ಪ್ರತಿ ಫ್ರೇಮ್ ಪೂರ್ತಿಯಾಗಿ ಇರುವುದಿಲ್ಲ. ಒಂದು ಪೂರ್ತಿ ಫ್ರೇಮ್ ಇಟ್ಟು, ಅದರ ಸುತ್ತಲಿನವುಗಳಲ್ಲಿ ಏನು ಬದಲಾಯಿತೋ ಅಷ್ಟನ್ನೇ ಬರೆದಿಡುತ್ತವೆ. ಫೈಲ್ ಚಿಕ್ಕದಾಗುತ್ತದೆ ನಿಜ. ಆದರೆ ನೀವು ಟೈಮ್‌ಲೈನ್‌ನಲ್ಲಿ ಎಲ್ಲೋ ನಡುವೆ ಕ್ಲಿಕ್ ಮಾಡಿದಾಗ ಕಂಪ್ಯೂಟರ್ ಅಕ್ಕಪಕ್ಕದ ಹತ್ತಾರು ಫ್ರೇಮ್ ಬಿಚ್ಚಿ ಆ ಒಂದು ಚಿತ್ರವನ್ನು ಕಟ್ಟಿಕೊಡಬೇಕು.

ಈ ಬಿಚ್ಚುವ ಕೆಲಸಕ್ಕೆಂದೇ ಚಿಪ್‌ಗಳಲ್ಲಿ ಪ್ರತ್ಯೇಕ ಡಿಕೋಡರ್ ಇರುತ್ತದೆ. ಅದು ನಿಮ್ಮ ಫೂಟೇಜ್ ಓದಬಲ್ಲದಾದರೆ ವಿಡಿಯೊ ಬೆಣ್ಣೆಯಂತೆ ಜಾರುತ್ತದೆ. ಓದಲಾರದಿದ್ದರೆ ಇಡೀ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಎಷ್ಟೇ ದುಬಾರಿ ಕಾರ್ಡ್ ಹಾಕಿದರೂ ತಡವರಿಸುತ್ತದೆ.

ಸಮಸ್ಯೆ ಬರುವುದು 10-ಬಿಟ್ 4:2:2 ಎಂಬ ಬಗೆಯಲ್ಲಿ. ಬಣ್ಣ ಚೆನ್ನಾಗಿ ಹಿಡಿಯಬೇಕೆಂದು ಕ್ಯಾಮೆರಾದವರು ಈಗ ಇದನ್ನೇ ಆರಿಸುತ್ತಾರೆ. ಎಚ್.265ರ ಈ ಬಗೆಯನ್ನು ಇಂಟೆಲ್‌ನ 11ನೇ ತಲೆಮಾರಿನಿಂದೀಚೆಗಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್ ಓದುತ್ತದೆ. ಎನ್ವಿಡಿಯಾದ ಜಿಫೋರ್ಸ್ ಕಾರ್ಡ್‌ಗಳಿಗೆ ಈ ಸೌಲಭ್ಯ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅದಕ್ಕೂ ಹಿಂದಿನ 40 ಸರಣಿಯಲ್ಲಿ, ಲಕ್ಷಗಟ್ಟಲೆ ಬೆಲೆಯ 4090ರಲ್ಲೂ ಇರಲಿಲ್ಲ.

ಈಗ ಆ ‘ಎಫ್’ ಅಕ್ಷರದ ವಿಷಯ. ಇಂಟೆಲ್ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಕೆಲವು ಸಾವಿರ ಉಳಿಯುತ್ತದೆ, ಡಿಕೋಡರ್ ಹೋಗುತ್ತದೆ. ಸಿಂಧನೂರಿನ ಹುಡುಗನ ಕೊಟೇಶನ್‌ನಲ್ಲಿ ಹೀಗೆ ಎರಡೂ ಬಾಗಿಲು ಮುಚ್ಚಿದ್ದವು.

ಖರ್ಚಿಲ್ಲದ ಎರಡು ಪರೀಕ್ಷೆ

ಮೊದಲನೆಯದು, ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶ. ನಿಮ್ಮ ಒಂದು ಕ್ಲಿಪ್ ಅದರಲ್ಲಿ ತೆರೆಯಿರಿ. ಎಚ್.264 ಇದ್ದರೆ ‘ಎವಿಸಿ’, ಎಚ್.265 ಇದ್ದರೆ ‘ಎಚ್‌ಇವಿಸಿ’ ಎಂದು ತೋರಿಸುತ್ತದೆ. ಜೊತೆಗೆ 4:2:0ವೋ 4:2:2ವೋ, 8 ಬಿಟ್ಟೋ 10 ಬಿಟ್ಟೋ, ಬಿಟ್‌ರೇಟ್ ಎಷ್ಟು ಎಂಬುದೂ ತಿಳಿಯುತ್ತದೆ.

ಎರಡನೆಯದು, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್. ಟೈಮ್‌ಲೈನ್ ಓಡಿಸುತ್ತಾ ಅದರ ಜಿಪಿಯು ಪುಟದಲ್ಲಿ ‘ವಿಡಿಯೊ ಡಿಕೋಡ್’ ಗೆರೆ ನೋಡಿ. ಅದು ಸೊನ್ನೆಯಲ್ಲೇ ಇದ್ದು ಪ್ರೊಸೆಸರ್ ಮಾತ್ರ ನೂರಕ್ಕೆ ಮುಟ್ಟಿದ್ದರೆ ಡಿಕೋಡರ್ ಕೆಲಸ ಮಾಡುತ್ತಿಲ್ಲ. ಕೆಲವೊಮ್ಮೆ ಕಾರ್ಡ್ ಹಾಕಿದೊಡನೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಆಫ್ ಆಗಿರುತ್ತದೆ. ಬಯೋಸ್‌ನಲ್ಲಿ ಆನ್ ಮಾಡಿದರೆ ಅಲ್ಲಿಗೇ ಪರಿಹಾರ. ಡಾವಿಂಚಿ ರಿಸಾಲ್ವ್ ಬಳಸುವವರು, ಉಚಿತ ಆವೃತ್ತಿಯಲ್ಲಿ ಹಾರ್ಡ್‌ವೇರ್ ಡಿಕೋಡ್ ಸೌಲಭ್ಯ ಸೀಮಿತ ಎಂಬುದನ್ನೂ ನೆನಪಿಡಬೇಕು.

ಪ್ರಾಕ್ಸಿ ಎಂಬ ಆಪದ್ಬಾಂಧವ

ಹೊಸ ಮಷಿನ್ ಕೊಳ್ಳುವ ಮೊದಲು ಪ್ರಾಕ್ಸಿ ಮಾಡಿ ನೋಡಿ. ಅಂದರೆ ಮೂಲ ಫೂಟೇಜ್‌ನ ಹಗುರ ಪ್ರತಿ ಮಾಡಿಕೊಂಡು ಅದರಲ್ಲಿ ಎಡಿಟ್ ಮಾಡುವುದು. ಕೊನೆಯ ಎಕ್ಸ್‌ಪೋರ್ಟ್ ಮೂಲ ಫೈಲ್‌ನಿಂದಲೇ ಆಗುತ್ತದೆ, ಗುಣಮಟ್ಟ ಕಡಿಮೆಯಾಗುವುದಿಲ್ಲ. ಪ್ರೀಮಿಯರ್ ಪ್ರೊ, ರಿಸಾಲ್ವ್ ಎರಡರಲ್ಲೂ ಇದಿದೆ. ರಾತ್ರಿ ಪ್ರಾಕ್ಸಿಗೆ ಹಾಕಿ ಮಲಗಿದರೆ ಬೆಳಗ್ಗೆ ಕೆಲಸ ಶುರು ಮಾಡಬಹುದು. ಫುಲ್ ಎಚ್‌ಡಿ ಅಳತೆಯ ಪ್ರೊರೆಸ್ ಪ್ರಾಕ್ಸಿ ಸೆಕೆಂಡಿಗೆ 25 ಫ್ರೇಮ್‌ನಂತೆ ಗಂಟೆಗೆ ಸುಮಾರು 17 ಜಿಬಿ ಜಾಗ ಕೇಳುತ್ತದೆ, ಅಷ್ಟೇ.

ಸಿಂಧನೂರಿನ ಹುಡುಗ ಇದನ್ನೇ ಮಾಡಿದ. ಹಳೆಯ ಮಷಿನ್‌ಗೆ ಒಂದು ಎಸ್‌ಎಸ್‌ಡಿ ಮಾತ್ರ ಸೇರಿಸಿ ಆ ಸೀಸನ್‌ನ ಮದುವೆಗಳನ್ನೆಲ್ಲ ಮುಗಿಸಿದ. ಬಂದ ದುಡ್ಡಿನಲ್ಲಿ ಹೊಸ ಮಷಿನ್ ಕಟ್ಟಿಸಿದ. ಅವ್ವನ ಬಂಗಾರ ಮನೆಯಲ್ಲೇ ಉಳಿಯಿತು.

ಯಾವುದಕ್ಕೆ ಎಷ್ಟು?

ಮದುವೆ, ಜಾಹೀರಾತು, ಯೂಟ್ಯೂಬ್ ಕೆಲಸಕ್ಕೆ ನಾನು ಹೇಳುವ ಕ್ರಮ ಇದು.

ಪ್ರೊಸೆಸರ್: ಒಳಗೆ ಗ್ರಾಫಿಕ್ಸ್ ಇರುವ ಇಂಟೆಲ್. ಉದಾಹರಣೆಗೆ 20 ಕೋರ್‌ಗಳ ಕೋರ್ ಅಲ್ಟ್ರಾ 7 265ಕೆ. ‘ಕೆಎಫ್’ ಬೇಡ. ಎಎಂಡಿ ರೈಜೆನ್ ಇಷ್ಟವಾದರೆ ಧಾರಾಳವಾಗಿ ಕೊಳ್ಳಿ, ಆದರೆ ಫೂಟೇಜ್ 4:2:2 ಇದ್ದರೆ ಜೊತೆಗೆ ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್ ಇರಲಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಇಂಟೆಲ್ 13 ಅಥವಾ 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್ ಕೊಳ್ಳುವವರು ಎಚ್ಚರ ವಹಿಸಬೇಕು. ಅವು ಅಸ್ಥಿರವಾಗುವ ದೋಷವನ್ನು ಕಂಪನಿಯೇ 2024ರಲ್ಲಿ ಒಪ್ಪಿಕೊಂಡು, ಬಯೋಸ್ ಅಪ್‌ಡೇಟ್ ನೀಡಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಬಿಲ್ ಇಲ್ಲದ ಪ್ರೊಸೆಸರ್ ಮುಟ್ಟಬೇಡಿ.

ರ‍್ಯಾಮ್: 32 ಜಿಬಿ ಕನಿಷ್ಠ, 64 ಇದ್ದರೆ ನೆಮ್ಮದಿ. 64 ಬೇಕಿದ್ದರೆ 32ರ ಎರಡು ಸ್ಟಿಕ್ ಕೊಳ್ಳಿ. 16ರ ನಾಲ್ಕು ಹಾಕಿದರೆ ಡಿಡಿಆರ್5 ವೇಗ ಸಾಮಾನ್ಯವಾಗಿ ಇಳಿಯುತ್ತದೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜಿಗಿಯಿತು. ಹಾಗಾಗಿ ಕೊಟೇಶನ್ ಅನ್ನು ಎರಡು ಮೂರು ಅಂಗಡಿಯಲ್ಲಿ, ಅದೇ ದಿನ ಕೇಳಿ. ಹಳೆಯ ದರ ನಂಬಿ ಕೂರಬೇಡಿ.

ಗ್ರಾಫಿಕ್ಸ್ ಕಾರ್ಡ್: ಪ್ರೀಮಿಯರ್‌ನಲ್ಲಿ ಕತ್ತರಿಸಿ ಜೋಡಿಸುವುದೇ ಮುಖ್ಯವಾದರೆ ಮಧ್ಯಮ ದರ್ಜೆಯದು ಸಾಕು. ರಿಸಾಲ್ವ್‌ನಲ್ಲಿ ಬಣ್ಣದ ಕೆಲಸ, ನಾಯ್ಸ್ ತೆಗೆಯುವುದು ಹೆಚ್ಚಿದ್ದರೆ ಕಾರ್ಡ್‌ಗೆ ದುಡ್ಡು ಹಾಕಿ. ಕಾರ್ಡ್‌ನ ಸ್ವಂತ ಮೆಮೊರಿಯೂ ಮುಖ್ಯ. 5060 ಟಿಐ 8 ಜಿಬಿಯಲ್ಲೂ ಬರುತ್ತದೆ, 16ರಲ್ಲೂ ಬರುತ್ತದೆ. ಎಡಿಟಿಂಗ್‌ಗೆ 16ರದ್ದೇ ಇರಲಿ.

ಮ್ಯಾಕ್: 2024ರ ಎಂ4 ಮ್ಯಾಕ್ ಮಿನಿ ಈ ಬಗೆಯ ಫೂಟೇಜನ್ನು ಸಲೀಸಾಗಿ ಓಡಿಸುತ್ತದೆ, ಕರೆಂಟೂ ಕಡಿಮೆ ಸಾಕು. ಆದರೆ ರ‍್ಯಾಮ್ ಮುಂದೆ ಹೆಚ್ಚಿಸಲು ಬರುವುದಿಲ್ಲ. ಕೊಳ್ಳುವ ದಿನವೇ ಲೆಕ್ಕ ಹಾಕಬೇಕು.

ಸ್ಟೋರೇಜ್‌ನಲ್ಲಿ ಜಿಪುಣತನ ಬೇಡ

ಮೂರು ಕ್ಯಾಮೆರಾ, ತಲಾ ಆರು ಗಂಟೆ, ಸೆಕೆಂಡಿಗೆ 100 ಮೆಗಾಬಿಟ್. ಗಂಟೆಗೆ 45 ಜಿಬಿಯಂತೆ ಒಂದೇ ಮದುವೆಗೆ 810 ಜಿಬಿ! 512 ಜಿಬಿ ಡಿಸ್ಕ್ ಒಂದು ಮದುವೆಯನ್ನೂ ಹಿಡಿಸದು. ವಿಂಡೋಸ್ ಮತ್ತು ತಂತ್ರಾಂಶಗಳಿಗೆ ಒಂದು ಎಸ್‌ಎಸ್‌ಡಿ, ನಡೆಯುತ್ತಿರುವ ಕೆಲಸಕ್ಕೆ 2 ಟಿಬಿಯ ಎನ್‌ವಿಎಂಇ, ಮುಗಿದ ಕೆಲಸಕ್ಕೆ ದೊಡ್ಡ ಹಾರ್ಡ್ ಡಿಸ್ಕ್, ಹೀಗೆ ವಿಂಗಡಿಸಿ.

ಮುಗಿದ ಕೆಲಸದ ಪ್ರತಿ ಮೂರು ಇರಲಿ, ಎರಡು ಬಗೆಯ ಸಾಧನದಲ್ಲಿರಲಿ, ಒಂದು ಬೇರೆ ಜಾಗದಲ್ಲಿರಲಿ. ಹೊರನಾಡಿನಲ್ಲಿರುವ ನಮಗೆ ಬೇರೆ ಜಾಗ ಹುಡುಕುವ ಕಷ್ಟವಿಲ್ಲ. ಹಬ್ಬಕ್ಕೆ ಊರಿಗೆ ಹೋಗುವಾಗ ಒಂದು ಡಿಸ್ಕ್ ಬಟ್ಟೆಯಲ್ಲಿ ಸುತ್ತಿ ಒಯ್ದು ಮನೆಯ ಅಲಮಾರಿನಲ್ಲಿಟ್ಟು ಬನ್ನಿ. ಗ್ರಾಫಿಕ್ಸ್ ಕಾರ್ಡ್ ಕೆಟ್ಟರೆ ಇನ್ನೊಂದು ಸಿಗುತ್ತದೆ. ಯಾರದೋ ಮಗಳ ಧಾರೆಯನ್ನು ಮತ್ತೆ ಶೂಟ್ ಮಾಡಲಾಗದು.

ಬಿಸಿಲು ಮತ್ತು ಕರೆಂಟು

ಏಪ್ರಿಲ್, ಮೇ ತಿಂಗಳಲ್ಲಿ ಹೈದರಾಬಾದ್‌ನ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ತಾರಸಿ ಕೆಳಗಿನ ಕೋಣೆಯಲ್ಲಿ ಎಕ್ಸ್‌ಪೋರ್ಟ್‌ಗೆ ಇಟ್ಟರೆ ಪ್ರೊಸೆಸರ್ ಬಿಸಿಯಾಗಿ ತಾನೇ ವೇಗ ತಗ್ಗಿಸುತ್ತದೆ. ಮುಂದೆ ಗಾಜು ಮುಚ್ಚಿದ, ಬಣ್ಣದ ದೀಪದ ಕ್ಯಾಬಿನೆಟ್‌ಗಿಂತ ಮುಂಭಾಗ ಜಾಲರಿ ಇರುವುದು ಒಳ್ಳೆಯದು. ಮೇಲೆ ಹೇಳಿದ ಪ್ರೊಸೆಸರ್ ಪೂರ್ತಿ ಭಾರದಲ್ಲಿ 250 ವ್ಯಾಟ್, 5060 ಟಿಐ ಕಾರ್ಡ್ 180 ವ್ಯಾಟ್ ಎಳೆಯಬಲ್ಲವು. ಒಳ್ಳೆಯ ಕಂಪನಿಯ 750 ವ್ಯಾಟ್ ಪವರ್ ಸಪ್ಲೈ ಹಾಕಿಸಿ. ಸಾಮಾನ್ಯ 600 ವಿಎ ಯುಪಿಎಸ್ ಇದನ್ನು ತಾಳದು. ಕನಿಷ್ಠ 1 ಕೆವಿಎ, ಸಾಧ್ಯವಾದರೆ ಸೈನ್ ವೇವ್‌ನದು ಇರಲಿ.

ಅಂಗಡಿಗೆ ಹೋಗುವ ದಿನ

ನಿಮ್ಮದೇ ಫೂಟೇಜ್ ಇರುವ ಒಂದು ಎಸ್‌ಎಸ್‌ಡಿ ಜೊತೆಗೊಯ್ಯಿರಿ. ‘ಎಡಿಟಿಂಗ್ ಪಿಸಿ’ ಎಂದು ಕೇಳಬೇಡಿ, ಅದಕ್ಕೆ ಸಿಗುವುದು ಬಹಳ ಸಲ ಗೇಮಿಂಗ್ ಪಿಸಿಯೇ. ಬಿಡಿಭಾಗಗಳ ಹೆಸರನ್ನು ಕೊನೆಯ ಅಕ್ಷರದವರೆಗೂ ಬರೆದುಕೊಂಡು ಹೋಗಿ, ಕೊಟೇಶನ್ ಜೊತೆ ತಾಳೆ ನೋಡಿ. ಪ್ರತಿ ಬಿಡಿಭಾಗದ ಸೀರಿಯಲ್ ಸಂಖ್ಯೆ ಇರುವ ಜಿಎಸ್‌ಟಿ ಬಿಲ್ ಪಡೆಯಿರಿ. ಬಿಲ್ ಬೇಡವೆಂದರೆ ಕಡಿಮೆ ಎಂಬ ಮಾತಿಗೆ ಒಪ್ಪಿದರೆ ವಾರಂಟಿಗೆ ಅಲೆಯುವ ಪಾಡು ನಿಮ್ಮದಾಗುತ್ತದೆ. ಸ್ವಂತ ಜಿಎಸ್‌ಟಿ ನೋಂದಣಿ ಇದ್ದರೆ ನಿಮ್ಮ ಸಂಖ್ಯೆಯನ್ನೂ ಬಿಲ್‌ನಲ್ಲಿ ಹಾಕಿಸಿ, ಕಟ್ಟಿದ ತೆರಿಗೆಗೆ ಕ್ರೆಡಿಟ್ ಸಿಗುತ್ತದೆ. ಮಷಿನ್ ಜೋಡಿಸಿದ ಮೇಲೆ ಅಂಗಡಿಯಲ್ಲೇ ನಿಮ್ಮ ಕ್ಲಿಪ್ ಓಡಿಸಿ, ಟಾಸ್ಕ್ ಮ್ಯಾನೇಜರ್‌ನ ಡಿಕೋಡ್ ಗೆರೆ ಮೇಲೇರುವುದನ್ನು ಕಣ್ಣಾರೆ ನೋಡಿ, ಆಮೇಲೆ ಉಳಿದ ಹಣ ಕೊಡಿ.