ಬೆಟ್ಟದ ಮಡಿಲಿನ ಹಾಯಿದೋಣಿಗಳು

ಹಾಯಿದೋಣಿ ಎಂದೊಡನೆ ಕಡಲಿನ ನೆನಪಾಗುವುದು ಸಹಜ. ಆದರೆ ಕಡಲ ಮಟ್ಟಕ್ಕಿಂತ 1,900 ಮೀಟರಿಗೂ ಎತ್ತರದಲ್ಲಿ, ಹಿಮಾಲಯದ ತಪ್ಪಲಿನ ನೈನಿತಾಲದಲ್ಲಿ, ಬಿಳಿಯ ಹಾಯಿಗಳು ಶತಮಾನಕ್ಕೂ ಹಿಂದಿನಿಂದ ಗಾಳಿಯೊಡನೆ ಆಟವಾಡುತ್ತ ಬಂದಿವೆ. ಅಲ್ಲಿಯ ಸರೋವರವಾದರೂ ಎಷ್ಟು ದೊಡ್ಡದು? ಉದ್ದ ಒಂದೂವರೆ ಕಿಲೋಮೀಟರನ್ನೂ ಮುಟ್ಟದು. ಅಗಲ ಅರ್ಧ ಕಿಲೋಮೀಟರಿಗೂ ಕಡಿಮೆ. ಮೇಲಣ ತುದಿ ಮಲ್ಲಿತಾಲ, ಕೆಳಗಣದು ತಲ್ಲಿತಾಲ.

ಈ ಊರು ಹುಟ್ಟಿದ ಕಥೆಯೊಳಗೇ ಒಂದು ದೋಣಿಯಿದೆ. ಶಹಜಹಾನಪುರದ ಸಕ್ಕರೆ ವ್ಯಾಪಾರಿ ಬ್ಯಾರನ್ ಎಂಬಾತ 1841ರಲ್ಲಿ ಈ ಸರೋವರವನ್ನು ಕಂಡನು. ಅನಂತರ ದೋಣಿಯೊಂದನ್ನು ಬೆಟ್ಟದ ಮೇಲಕ್ಕೆ ಹೊರಿಸಿ ತಂದು, ನೆಲದ ಒಡೆಯನಾದ ನರಸಿಂಗನನ್ನು ನಡುನೀರಿಗೆ ಕರೆದೊಯ್ದನು. ‘ಹಕ್ಕನ್ನು ಬಿಟ್ಟುಕೊಡು, ಇಲ್ಲವೇ ಈಜಿಕೊಂಡು ಹೋಗು’ ಎಂದು ಬೆದರಿಸಿದನಂತೆ! ಈಜು ಬಾರದ ಬಡಪಾಯಿ ಒಪ್ಪದೆ ಏನು ಮಾಡಿಯಾನು?

ಊರು ಬೆಳೆಯಿತು, ಸಂಯುಕ್ತ ಪ್ರಾಂತದ ಬೇಸಗೆಯ ರಾಜಧಾನಿಯೂ ಆಯಿತು. ಬೆಟ್ಟ ಮಾತ್ರ ತನ್ನ ಉಗ್ರರೂಪವನ್ನು ತೋರದೆ ಬಿಡಲಿಲ್ಲ. 1880ರ ಸೆಪ್ಟೆಂಬರ್ 18ರಂದು, ಬಿಡದೆ ಸುರಿದ ಮಳೆಗೆ ಇಳಿಜಾರು ಕುಸಿದು 151 ಮಂದಿ ಸತ್ತರು. ನೈನಾದೇವಿಯ ಗುಡಿಯೂ ಮಣ್ಣುಪಾಲಾಯಿತು. ಆ ಮಣ್ಣಿನಿಂದ ಹಿಗ್ಗಿದ ಮಲ್ಲಿತಾಲದ ಬಯಲು ಮುಂದೆ ಆಟದ ಮೈದಾನವಾಯಿತು.

ಪದಕ ಗೆದ್ದವನ ದೋಣಿ

ನೈನಿತಾಲ್ ಯಾಟ್ ಕ್ಲಬ್ ಸ್ಥಾಪನೆಯಾದದ್ದು 1910ರಲ್ಲಿ. ಅದರ ದೋಣಿಗಳ ವಿನ್ಯಾಸಕಾರ ಲಿಂಟನ್ ಹೋಪ್ ಸಾಮಾನ್ಯನಲ್ಲ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹಾಯಿದೋಣಿ ನಡೆಸಿ ಗೆದ್ದ ಆಂಗ್ಲ ಶಿಲ್ಪಿ. ಈ ದೋಣಿಗಳಿಗೆ ‘ಹಾಫ್ ರೇಟರ್’ ಎಂದು ಹೆಸರು. ನೀರಿನ ಮಟ್ಟದಲ್ಲಿ ದೋಣಿಯ ಉದ್ದವೆಷ್ಟು ಅಡಿಯೆಂದು ಅಳೆದು, ಹಾಯಿಯ ಚದರಡಿಗಳಿಂದ ಗುಣಿಸಿ, 6,000ದಿಂದ ಭಾಗಿಸುವುದು ಅಂದಿನ ಲೆಕ್ಕ. 15 ಅಡಿ ಉದ್ದಕ್ಕೆ 200 ಚದರಡಿ ಹಾಯಿಯಿದ್ದರೆ ಉತ್ತರ ಅರ್ಧ. ಹೆಸರಿನ ಗುಟ್ಟು ಇಷ್ಟೇ.

ಎಲ್ಲವೂ ಒಂದೇ ಮಾದರಿಯ ದೋಣಿಗಳಾದುದರಿಂದ ಇಲ್ಲಿ ಹಣದ ಬಲಕ್ಕಿಂತ ಕೈಚಳಕಕ್ಕೇ ಬೆಲೆ. ಸುತ್ತಲೂ ಬೆಟ್ಟ; ಗಾಳಿ ಒಂದು ಕಣಿವೆಯಿಂದ ನುಗ್ಗಿ ಮರುಗಳಿಗೆಯಲ್ಲೇ ಇನ್ನೊಂದು ದಿಕ್ಕಿಗೆ ತಿರುಗುವುದುಂಟು. ಚುಕ್ಕಾಣಿ ಹಿಡಿದವನು ನೀರ ಮೇಲೆ ಹರಿದುಬರುವ ಕಪ್ಪು ಅಲೆಗಳನ್ನು ನೋಡಿಯೇ ಗಾಳಿಯ ಬರವನ್ನು ಅರಿಯಬೇಕು. ತಡವಾದರೆ ಹಾಯಿ ಸೋಲುತ್ತದೆ, ಇಲ್ಲವೇ ದೋಣಿ ವಾಲುತ್ತದೆ.

ನೀರಿದ್ದರೆ ತಾನೆ ದೋಣಿ?

ಬಿಳಿಯರ ವಿನೋದವಾಗಿ ಆರಂಭವಾದ ಈ ಕ್ರೀಡೆ ಸ್ವಾತಂತ್ರ್ಯಾನಂತರ ಭಾರತೀಯರ ಕೈಗೆ ಬಂದಿತು; ಹಳೆಯ ಮರದ ದೋಣಿಗಳೂ ಉಳಿದು ಬಂದವು. ಆತಂಕವಿರುವುದು ದೋಣಿಗಳದ್ದಲ್ಲ, ಸರೋವರದ್ದು. ಊರಿಗೆ ಕುಡಿಯುವ ನೀರನ್ನು ಕೊಡುವುದೂ ಅದೇ. ಊರಿನ ಚರಂಡಿಗಳ ಹೂಳನ್ನು ನುಂಗುವುದೂ ಅದೇ. ಉಸಿರುಗಟ್ಟಿದ ನೀರಿಗೆ 2007ರಿಂದ ಯಂತ್ರಗಳ ಮೂಲಕ ಗಾಳಿಯೂಡಲು ಆರಂಭಿಸಬೇಕಾಯಿತು. 2017ರ ಬೇಸಗೆಯಲ್ಲಂತೂ ನೀರು ಬಹಳ ಕೆಳಕ್ಕಿಳಿದು ದಡದ ಕೆಸರು ಬಯಲಾಯಿತು. ಸಮೀಪದ ಸೂಖಾತಾಲದಲ್ಲಿ ಇಂಗುವ ಮಳೆನೀರು ನೆಲದೊಳಗಿನಿಂದ ಹರಿದು ಈ ಸರೋವರವನ್ನು ತುಂಬುತ್ತದೆಂದು ತಜ್ಞರು ಕಂಡುಕೊಂಡಿದ್ದಾರೆ. ಆ ತಗ್ಗನ್ನು ಕಟ್ಟಡಗಳಿಂದ ಮುಚ್ಚಿದರೆ ಇಲ್ಲಿಯ ಒರತೆಯೂ ಮುಚ್ಚಿದಂತೆಯೇ.

ಹಲಗೆ ಕೊಳೆತರೆ ಹೊಸದನ್ನು ಜೋಡಿಸಬಹುದು, ಹಾಯಿ ಹರಿದರೆ ಹೊಲಿಯಬಹುದು. ಬತ್ತಿದ ಸರೋವರಕ್ಕೆ ತೇಪೆ ಹಾಕುವ ಬಡಗಿ ಇನ್ನೂ ಹುಟ್ಟಿಲ್ಲ.