ಘಾಟಿಯ ಮಳೆಯಲ್ಲಿ ಕಾರಿನ ಎ.ಸಿ.: ಸೆನ್ಸರ್ ದೋಷದ ಪತ್ತೆ ಮತ್ತು ಬದಲಾವಣೆ

ತೀರ್ಥಹಳ್ಳಿ, ಹೊಸನಗರ ಮತ್ತು ಸಾಗರ ತಾಲ್ಲೂಕುಗಳ ವರ್ತಕರನ್ನು ಕರಾವಳಿಯೊಡನೆ ಬೆಸೆದಿರುವ ದಾರಿಗಳಲ್ಲಿ ಆಗುಂಬೆ ಮತ್ತು ಹುಲಿಕಲ್ ಘಾಟಿಗಳು ಮುಖ್ಯವಾದವು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಲ್ಲಿಂದ ಸೋಮೇಶ್ವರಕ್ಕೆ ಇಳಿಯುವ 14 ಕಡುತಿರುವುಗಳಲ್ಲಿ, ಮುಚ್ಚಿದ ಕಾರಿನೊಳಗಿನ ಉಸಿರಿನ ತೇವವು ತಣ್ಣನೆಯ ಗಾಜಿಗೆ ಆವಿಯಾಗಿ ಹಿಡಿದು ದಾರಿಯನ್ನೇ ಮರೆಮಾಡುತ್ತದೆ. ಈ ತೇವವನ್ನು ಹೀರಿ ಗಾಜನ್ನು ತಿಳಿಗೊಳಿಸುವುದು ಎ.ಸಿ. ಆದ್ದರಿಂದ ಮಲೆನಾಡಿನಲ್ಲಿ ಎ.ಸಿ.ಯ ದುರಸ್ತಿಯು ಸುರಕ್ಷತೆಗೆ ಸಂಬಂಧಿಸಿದ ವಿಷಯವಾಗಿದೆ.

ಎ.ಸಿ. ಕೆಟ್ಟೊಡನೆ ಗ್ಯಾಸ್ ತುಂಬಿಸುವುದು, ಕಂಪ್ರೆಸರನ್ನೇ ಬದಲಿಸುವುದು ರೂಢಿ. ಆದರೆ ಅನೇಕ ಸಂದರ್ಭಗಳಲ್ಲಿ ಕಂಪ್ರೆಸರ್ ಸರಿಯಾಗಿಯೇ ಇದ್ದು, ಅದಕ್ಕೆ ಆದೇಶ ತಲುಪಿಸುವ ವ್ಯವಸ್ಥೆಗೆ ಸೆನ್ಸರಿನಿಂದ ತಪ್ಪು ಮಾಹಿತಿ ಹೋಗುತ್ತಿರುತ್ತದೆ.

ಎರಡು ಸೆನ್ಸರುಗಳು

ಮೊದಲನೆಯದು ಒತ್ತಡದ ಸೆನ್ಸರ್. ಗ್ಯಾಸಿನ ಒತ್ತಡ ತೀರಾ ಕುಸಿದರೆ ಅಥವಾ ಮಿತಿಮೀರಿದರೆ ಇದರ ಸೂಚನೆಯಂತೆ ಕಂಪ್ರೆಸರ್ ನಿಲ್ಲುತ್ತದೆ. ಎರಡನೆಯದು ಶೀತಲ ಸುರುಳಿಯ, ಅಂದರೆ ಇವಾಪೊರೇಟರಿನ, ಉಷ್ಣತೆಯ ಸೆನ್ಸರ್. ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟದಂತೆ ಇದು ಕಾಯುತ್ತದೆ. ಇದು ಬಿಸಿಯನ್ನೇ ತೋರಿಸುತ್ತಾ ಉಳಿದರೆ ಮಂಜುಗಡ್ಡೆ ಬೆಳೆದು ಗಾಳಿಯ ಹರಿವು ಕುಗ್ಗುತ್ತದೆ; ಎ.ಸಿ. ನಿಲ್ಲಿಸಿ ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಸರಿಹೋದಂತೆ ಕಾಣುತ್ತದೆ. ಇಲ್ಲದ ಚಳಿಯನ್ನು ತೋರಿಸಿದರೆ ಕಂಪ್ರೆಸರ್ ಚಾಲನೆಗೇ ಬರುವುದಿಲ್ಲ.

ಪತ್ತೆಯ ಕ್ರಮ

ಮೊದಲಿಗೆ ಫ್ಯೂಸ್, ರಿಲೇ ಮತ್ತು ವೈರಿಂಗ್ ಪರಿಶೀಲಿಸಬೇಕು. ಮಲೆನಾಡಿನ ತೇವದಲ್ಲಿ ಕನೆಕ್ಟರಿನ ತಾಮ್ರಕ್ಕೆ ಕಿಲುಬು ಹಿಡಿಯುವುದೂ, ನಿಲ್ಲಿಸಿದ ವಾಹನದ ವೈರನ್ನು ಇಲಿ ಕಡಿಯುವುದೂ ಸಾಮಾನ್ಯ.

ಅನಂತರ ಎಂಜಿನ್ ಆರಿಸಿ, ವಾಹನ ಪೂರ್ಣ ತಣಿದ ಮೇಲೆ ಗೇಜಿನಲ್ಲಿ ಒತ್ತಡ ನೋಡಬೇಕು. ಆರ್-134ಎ ಗ್ಯಾಸ್ ಇರುವ ಕಾರಿನಲ್ಲಿ 25 ಡಿಗ್ರಿ ಉಷ್ಣತೆಗೆ ಸುಮಾರು 80 ಪಿ.ಎಸ್.ಐ. ಕಾಣಬೇಕು. ಸ್ಕ್ಯಾನರ್ ತೋರಿಸುವ ಒತ್ತಡ ಇದಕ್ಕೆ ತಾಳೆಯಾಗದಿದ್ದರೆ ದೋಷವು ಸೆನ್ಸರಿನಲ್ಲಿ ಅಥವಾ ಅದರ ವೈರಿನಲ್ಲಿದೆ. ಮೂರು ವೈರುಗಳ ಸೆನ್ಸರಿಗೆ ಸಾಮಾನ್ಯವಾಗಿ 5 ವೋಲ್ಟ್ ಪೂರೈಕೆ ಇರುತ್ತದೆ. ಅದು ಬಾರದಿದ್ದರೆ ಸೆನ್ಸರ್ ಬದಲಿಸಿ ಫಲವಿಲ್ಲ. ಗೇಜಿನಲ್ಲೇ ಒತ್ತಡ ಕಡಿಮೆಯಿದ್ದರೆ ಸೆನ್ಸರಿನ ತಪ್ಪಿಲ್ಲ. ಗ್ಯಾಸ್ ಸೋರುವ ಜಾಗವನ್ನು ಹುಡುಕಬೇಕು.

ಉಷ್ಣತೆಯ ಸೆನ್ಸರಿನ ಪರೀಕ್ಷೆ ಇನ್ನೂ ಸುಲಭ. ಮಲ್ಟಿಮೀಟರಿನಲ್ಲಿ ಅದರ ವಿದ್ಯುತ್ ರೋಧವು ತಣ್ಣೀರಿನಲ್ಲಿ ಏರಿ, ಬೆಚ್ಚಗಿನ ನೀರಿನಲ್ಲಿ ಇಳಿಯಬೇಕು.

ಬದಲಾವಣೆ

ಕೆಲಸಕ್ಕೆ ಮೊದಲು ಬ್ಯಾಟರಿಯ ಋಣಧ್ರುವವನ್ನು ಬಿಡಿಸಬೇಕು. ಹಲವು ಕಾರುಗಳಲ್ಲಿ ಒತ್ತಡದ ಸೆನ್ಸರಿನ ಕೆಳಗೆ ತಾನಾಗಿ ಮುಚ್ಚಿಕೊಳ್ಳುವ ವಾಲ್ವ್ ಇರುವುದರಿಂದ ಗ್ಯಾಸ್ ತೆಗೆಯದೆಯೇ ಅದನ್ನು ಬದಲಿಸಬಹುದು. ವಾಲ್ವ್ ಇಲ್ಲದಿದ್ದರೆ ಯಂತ್ರದ ಮೂಲಕ ಗ್ಯಾಸನ್ನು ಮರಳಿ ಸಂಗ್ರಹಿಸಲೇಬೇಕು. ಈ ಗ್ಯಾಸಿಗೆ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂತಾಪವರ್ಧಕ ಶಕ್ತಿಯಿರುವುದರಿಂದ ಗಾಳಿಗೆ ಬಿಡುವುದು ಸರಿಯಲ್ಲ. ಹೊಸ ಓ-ರಿಂಗಿಗೆ ಎ.ಸಿ. ಎಣ್ಣೆ ಸವರಿ, ತಯಾರಕರು ಸೂಚಿಸಿದ ಬಿಗಿತದಲ್ಲಿ ಸೆನ್ಸರನ್ನು ಕೂರಿಸಿ, ಸೋರಿಕೆಯನ್ನು ಪರೀಕ್ಷಿಸಬೇಕು.

ಲೆಕ್ಕಪುಸ್ತಕದಲ್ಲಿ

ವ್ಯವಹಾರಕ್ಕೆ ಬಳಸುವ ಕಾರಿನ ಇಂತಹ ದುರಸ್ತಿಯು ಚಾಲ್ತಿ ವೆಚ್ಚ. ಅದನ್ನು ಆಸ್ತಿಯ ಮೌಲ್ಯಕ್ಕೆ ಸೇರಿಸಬೇಕಾಗಿಲ್ಲ. ಸ್ವಂತ ಬಳಕೆಯ ಪಾಲಿದ್ದರೆ ಅದನ್ನು ಕಳೆಯಬೇಕು. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನದ ದುರಸ್ತಿ ಸೇವೆಗೆ, 2017ರ ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)ನೇ ಕಲಮಿನಂತೆ, ಸಾಮಾನ್ಯ ವರ್ತಕರಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯದು. ಸರಕು ಸಾಗಣೆಯ ವಾಹನಕ್ಕೆ ಈ ನಿರ್ಬಂಧವಿಲ್ಲ. ಹೀಗಾಗಿ ಅನಗತ್ಯವಾಗಿ ಬದಲಿಸಿದ ಕಂಪ್ರೆಸರಿನ ಬಿಲ್ಲು ತೆರಿಗೆಯ ಸಮೇತ ಮಾಲೀಕನ ಮೇಲೆಯೇ ಬೀಳುತ್ತದೆ.

ವೋಚರಿಲ್ಲದೆ ಖರ್ಚು ಬರೆಯದ ವರ್ತಕನು, ಗೇಜಿನ ಅಂಕಿ ಮತ್ತು ಸ್ಕ್ಯಾನರಿನ ಅಂಕಿ ಎರಡನ್ನೂ ನೋಡದೆ ಬಿಡಿಭಾಗ ಬದಲಿಸಲು ಒಪ್ಪಬಾರದು. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯುವುದೂ ಲೇಸು. ಈ ಪರೀಕ್ಷೆಯನ್ನು ಮುಂಗಾರಿಗೆ ಮುನ್ನ, ಮೇ ತಿಂಗಳಲ್ಲೇ ಮುಗಿಸಿಕೊಂಡರೆ ಘಾಟಿಯ ಪ್ರಯಾಣ ನಿರಾತಂಕವಾಗುವುದು.